ದೊಡ್ಡ ಗಾಯ, ದೀರ್ಘ ಕಾಯಿಲೆಯ ನಂತರ ಸಣ್ಣ ಉದ್ಯಮ: ಯಾವುದು ಮೊದಲು, ಯಾವುದು ಆಮೇಲೆ

ಸ್ವಂತ ಉದ್ಯಮ ಶುರು ಮಾಡಿ ಎರಡು ಮೂರು ತಿಂಗಳಲ್ಲೇ ಬಾಗಿಲು ಎಳೆದವರು ಹೇಳುವ ಕತೆ ಹೆಚ್ಚುಕಡಿಮೆ ಒಂದೇ. ಆಸ್ಪತ್ರೆಯಿಂದ ಬಂದು ಕೆಲವು ತಿಂಗಳಾಗಿತ್ತು. ಒಂದು ವಾರ ಮೈ ಹಗುರವಾಗಿತ್ತು, ತಲೆ ಚುರುಕಾಗಿತ್ತು. ಆ ವಾರವೇ ಮಳಿಗೆಗೆ ಮುಂಗಡ ಕೊಟ್ಟರು, ಯಂತ್ರ ತಂದರು, ಪರಿಚಯದವರಿಗೆಲ್ಲ ಸುದ್ದಿ ಮುಟ್ಟಿಸಿದರು. ಮುಂದಿನ ವಾರ ಮೈ ಮಾತು ಕೇಳಲಿಲ್ಲ. ಬಾಡಿಗೆಯ ದಿನ ಮಾತ್ರ ತಪ್ಪದೆ ಬಂತು.

ಆ ಸಾಲಿನಲ್ಲಿ ನಾನೂ ನಿಂತಿದ್ದೆ. ಪುಸ್ತಕಗಳ ಬೆನ್ನು ಕಟ್ಟುವ ಬೈಂಡಿಂಗ್ ಕೆಲಸ ಹಿಡಿದಾಗ ನನ್ನ ಬೆನ್ನಿನೊಳಗೆ ಎರಡು ಸರಳು, ಎಂಟು ಸ್ಕ್ರೂಗಳಿದ್ದವು. ಶಸ್ತ್ರಚಿಕಿತ್ಸೆಯ ಗಾಯಕ್ಕೆ ಸೋಂಕು ತಗಲಿ ಇನ್ನೂ ಕೆಲವು ತಿಂಗಳು ಹಾಸಿಗೆಯಲ್ಲೇ ಕಳೆದಿದ್ದವು. ಮೊದಲ ಸಲ ಎಡವಿದ್ದಕ್ಕೆ ಕೆಲಸ ಬಾರದಿದ್ದುದು ಕಾರಣವಲ್ಲ. ಕೊನೆಗೆ ಮಾಡಬೇಕಾದುದನ್ನು ಮೊದಲು ಮಾಡಿದ್ದೆ, ಅಷ್ಟೇ. ಆದ್ದರಿಂದ ಕೆಳಗಿನ ಹಂತಗಳನ್ನು ಅವು ಇರುವ ಕ್ರಮದಲ್ಲಿಯೇ ಮಾಡಿ. ನಡುವಿನದೊಂದನ್ನು ಹಾರಿ ಮುಂದಕ್ಕೆ ಹೋಗುವ ಆಸೆ ಆಗುತ್ತದೆ, ಅದರಲ್ಲೂ ಎರಡನೆಯದನ್ನು.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದವು

ಒಂದು ನೋಟ್‌ಬುಕ್ಕು. ಮೊಬೈಲಿನಲ್ಲಿರುವ ಟೈಮರ್. ಸಾಮಾನು ತೂಗಲು ಸಣ್ಣದೊಂದು ತಕ್ಕಡಿ. ಡಿಸ್ಚಾರ್ಜ್ ಪತ್ರ, ಈಗಿನ ಔಷಧಿಗಳ ಪಟ್ಟಿ, ವಿಮೆಯ ಕಾಗದಗಳು ಒಂದೇ ಫೈಲಿನಲ್ಲಿ. ಇವುಗಳ ಜೊತೆಗೆ ನಿಮ್ಮ ಮುಖ ನೋಡಿ "ಇವತ್ತು ಸಾಕು" ಎಂದು ಹೇಳಬಲ್ಲ ಒಬ್ಬ ವ್ಯಕ್ತಿ. ಗಂಡನೋ ಹೆಂಡತಿಯೋ ಆಗಿದ್ದರೆ ಒಳ್ಳೆಯದೇ, ಆದರೆ ಅವರ ಮಾತನ್ನು ನೀವು ಕೇಳುವವರಾಗಿರಬೇಕು. ನಾನು ಕೇಳುತ್ತಿರಲಿಲ್ಲ, ನನಗೆ ತಂಗಿ ಬೇಕಾಯಿತು.

ಹಂತ 1: ಮಿತಿಗಳನ್ನು ಅಂಕಿಗಳಲ್ಲಿ ಬರೆಸಿಕೊಳ್ಳಿ

"ಹಗುರವಾದ ಕೆಲಸ ಮಾಡಬಹುದು" ಎಂದು ವೈದ್ಯರು ಹೇಳಿದರೆ ಅಲ್ಲಿಗೆ ಎದ್ದು ಬರಬೇಡಿ. ಹಗುರ ಎಂದರೆ ಎಷ್ಟು ಕಿಲೋ? ದಿನಕ್ಕೆ ಎಷ್ಟು ಸಲ? ಒಂದೇ ಸಮನೆ ಎಷ್ಟು ಹೊತ್ತು ಕೂರಬಹುದು, ಎಷ್ಟು ಹೊತ್ತು ನಿಲ್ಲಬಹುದು? ಭುಜದ ಮಟ್ಟಕ್ಕಿಂತ ಮೇಲೆ ಕೈ ಎತ್ತಬಹುದೇ? ವಾಹನ ಓಡಿಸಬಹುದೇ? ಯಾವ ಮಾತ್ರೆ ತೂಕಡಿಕೆ ತರುತ್ತದೆ, ನುಂಗಿದ ಎಷ್ಟು ಹೊತ್ತಿಗೆ? ಮುಂದಿನ ಶಸ್ತ್ರಚಿಕಿತ್ಸೆ ಅಥವಾ ಚಿಕಿತ್ಸೆಯ ಸುತ್ತು ಯಾವಾಗ? ಈ ಪ್ರಶ್ನೆಗಳನ್ನು ಬರೆದುಕೊಂಡೇ ಹೋಗಿ, ಉತ್ತರಗಳನ್ನೂ ಬರೆದುಕೊಂಡು ಬನ್ನಿ. ಫಿಸಿಯೋಥೆರಪಿಸ್ಟ್ ಇದ್ದರೆ ಅವರಿಗೂ ಇದೇ ಪಟ್ಟಿ ಕೊಡಿ. ಎಷ್ಟೋ ಸಲ ಅವರ ಉತ್ತರ ಹೆಚ್ಚು ಖಚಿತವಾಗಿರುತ್ತದೆ.

ಕೆಲಸದ ಸ್ವರೂಪವನ್ನೂ ವೈದ್ಯರಿಗೆ ವಿವರಿಸಿ. ಕೀಮೋಥೆರಪಿಯ ನಂತರ ಅಥವಾ ಸಕ್ಕರೆ ಕಾಯಿಲೆಯಿಂದ ಬೆರಳ ತುದಿ ಜೋಮು ಹಿಡಿದವರಿಗೆ ಕತ್ತರಿ, ಬಿಸಿ ಒಲೆ, ಚಲಿಸುವ ಬ್ಲೇಡು ಅಪಾಯ. ಸುಟ್ಟದ್ದು ತಡವಾಗಿ ಗೊತ್ತಾಗುತ್ತದೆ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯಲ್ಲಿರುವವರು ಜನಜಂಗುಳಿಯ ಕೌಂಟರಿನ ಹಿಂದೆ ಕೂರುವ ಮೊದಲು ಕೇಳಲೇಬೇಕು. ಮೂರ್ಛೆ ಬಂದಿದ್ದವರು ಏಣಿ, ಯಂತ್ರ, ವಾಹನಗಳ ಬಗ್ಗೆ ಬಾಯಿಬಿಟ್ಟು ಕೇಳಿ.

ನನಗೆ ಬರೆದುಕೊಟ್ಟಿದ್ದ ಮಿತಿ ಐದು ಕಿಲೋ. ಅದನ್ನು ಫೈಲಿನಲ್ಲಿಟ್ಟು ಕಾಗದ ತರಿಸಿದೆ. ಎಂಬತ್ತು ಜಿಎಸ್‌ಎಮ್‌ನ (ಚದರ ಮೀಟರಿಗೆ ಎಂಬತ್ತು ಗ್ರಾಂ ತೂಗುವ) ಎ4 ಕಾಗದ, ಒಂದು ರೀಮಿಗೆ 500 ಹಾಳೆ, ತೂಕ ಎರಡೂವರೆ ಕಿಲೋ. ಅಂಥ ಐದು ರೀಮುಗಳ ಡಬ್ಬ ಹನ್ನೆರಡೂವರೆ ಕಿಲೋ. ಸಾಗಣೆಯವನು ಹೊಸ್ತಿಲ ಹೊರಗಿಟ್ಟು ಹೋದ. ಮಳೆ ಬರುವ ಹಾಗಿತ್ತು, ನಾನೇ ಎತ್ತಿದೆ. ಒಂಬತ್ತು ದಿನ ಮಲಗಿದೆ. ಚಾಕುವಿನಿಂದ ಡಬ್ಬದ ಟೇಪು ಸೀಳಿ ಒಂದೊಂದೇ ರೀಮು ಒಳಗೆ ತಂದಿದ್ದರೆ ಐದು ನಿಮಿಷದ ಕೆಲಸ. ಮಿತಿಯ ಅಂಕಿಯನ್ನು ಫೈಲಿನಲ್ಲಿಡಬೇಡಿ, ಸಾಮಾನು ಇಳಿಯುವ ಜಾಗದ ಗೋಡೆಗೆ ಅಂಟಿಸಿ.

ಹಂತ 2: ನಾಲ್ಕು ವಾರದ ದಿನಚರಿ

ಎಲ್ಲರೂ ಹಾರಿಹೋಗುವ ಹಂತ ಇದು. ಎಲ್ಲ ಲೆಕ್ಕವೂ ಇದರ ಮೇಲೆ ನಿಂತಿದೆ.

ನೀವು ಮಾಡಬೇಕೆಂದಿರುವ ಕೆಲಸವನ್ನೇ, ಅದಾಗದಿದ್ದರೆ ಅದನ್ನು ಹೋಲುವ ಕೆಲಸವನ್ನು, ಹಣದ ಆಸೆಯಿಲ್ಲದೆ ನಾಲ್ಕು ವಾರ ಮನೆಯಲ್ಲೇ ಮಾಡಿ. ಪ್ರತಿ ಕೆಲಸಕ್ಕೂ ಮೂರು ವಿಷಯ ಬರೆಯಿರಿ: ಏನು, ಎಷ್ಟು ನಿಮಿಷ, ಶ್ರಮ ಎಷ್ಟು. ಶ್ರಮವನ್ನು 0ರಿಂದ 10ರ ಅಳತೆಯಲ್ಲಿ ಹಾಕಿ: 0 ಎಂದರೆ ಶ್ರಮವೇ ಇಲ್ಲ, 10 ಎಂದರೆ ಇನ್ನು ಆಗುವುದೇ ಇಲ್ಲ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ ಶ್ರಮದ ಅಳತೆಗಳನ್ನು ಹೃದ್ರೋಗಿಗಳ ಪುನಶ್ಚೇತನ ಕೇಂದ್ರಗಳಲ್ಲಿ ಬಳಸುತ್ತಾರೆ. 6ರಿಂದ 20ರ ಅಳತೆ ಅವರದೇ. ಮನೆಯ ಮಟ್ಟಿಗೆ ಹತ್ತರ ಅಳತೆ ಸಾಕು. ನಾಡಿ ತೋರಿಸುವ ಕೈಗಡಿಯಾರ ಇದೆಯಲ್ಲ ಎನ್ನಬೇಡಿ. ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ನಾಡಿ ಏರುವುದೇ ಕಡಿಮೆ, ಗಡಿಯಾರ ಸುಮ್ಮನೆ ಸಮಾಧಾನ ಹೇಳುತ್ತಿರುತ್ತದೆ.

ನನ್ನ ನೋಟ್‌ಬುಕ್ಕಿನ ಒಂದು ಪುಟ ಹೀಗಿತ್ತು:

ಸೋಮವಾರ: ಹೊಲಿಗೆ 50 ನಿಮಿಷ, ಶ್ರಮ 3. ರಟ್ಟು ಕತ್ತರಿಸಿದ್ದು 20 ನಿಮಿಷ, ಶ್ರಮ 6. ಫೋನಿನಲ್ಲಿ ವಿಚಾರಣೆ 25 ನಿಮಿಷ, ಶ್ರಮ 5.
ಮಂಗಳವಾರ: ಚೆನ್ನಾಗಿದ್ದೇನೆ. ಹೊಲಿಗೆ 30 ನಿಮಿಷ, ಶ್ರಮ 2.
ಬುಧವಾರ: ಎದ್ದದ್ದು ಹತ್ತಕ್ಕೆ. ಏನೂ ಇಲ್ಲ.

ಬುಧವಾರದ ಕುಸಿತಕ್ಕೆ ಮಂಗಳವಾರದ ಅರ್ಧ ಗಂಟೆಯ ಹೊಲಿಗೆಯನ್ನು ದೂರಿದೆ. ತಪ್ಪು. ಹೆಚ್ಚು ಶ್ರಮಪಟ್ಟದ್ದಕ್ಕೆ ಬರುವ ಕುಸಿತ ಕೆಲವು ಕಾಯಿಲೆಗಳಲ್ಲಿ ಆ ಕ್ಷಣಕ್ಕೆ ಬರುವುದಿಲ್ಲ. ದೀರ್ಘಕಾಲದ ಕೋವಿಡ್‌ನಲ್ಲಿ, ಎಮ್‌ಇ ಎಂದು ಕರೆಯುವ ದಣಿವಿನ ರೋಗದಲ್ಲಿ ಅದು ಸಾಮಾನ್ಯವಾಗಿ 12ರಿಂದ 48 ಗಂಟೆ ತಡವಾಗಿ ಎರಗುತ್ತದೆ. ನನಗೆ ಆ ಕಾಯಿಲೆಗಳಿರಲಿಲ್ಲ, ಆದರೂ ಎರಡು ವಾರದ ಪುಟಗಳನ್ನು ಪಕ್ಕಪಕ್ಕ ಇಟ್ಟಾಗ ರಟ್ಟು ಕತ್ತರಿಸಿದ ಪ್ರತಿ ಸಲವೂ ಎರಡನೆಯ ದಿನ ಬಿದ್ದಿರುವುದು ಕಂಡಿತು. ಹಾಗಾಗಿ ಪುಟದಲ್ಲಿ ಮರುದಿನಕ್ಕೂ ಅದರ ಮರುದಿನಕ್ಕೂ ಜಾಗ ಬಿಡಿ.

ಫೋನಿನ ಮುಂದಿರುವ 5ನ್ನೂ ಗಮನಿಸಿ. ತಲೆಗೆ ಪೆಟ್ಟು ಬಿದ್ದವರು, ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರು, ಕೀಮೋಥೆರಪಿ ಮುಗಿಸಿದವರು ಮೈಯ ಶ್ರಮವನ್ನಷ್ಟೇ ಬರೆದು ಮೋಸ ಹೋಗುತ್ತಾರೆ. ಲೆಕ್ಕ ಕೂಡಿಸುವುದು, ಚೌಕಾಸಿ, ಸದ್ದಿನ ಜಾಗದಲ್ಲಿ ಮಾತು ಕೇಳಿಸಿಕೊಳ್ಳುವುದು, ಇವೂ ಶ್ರಮವೇ.

ಇನ್ನೊಂದು ತಪ್ಪು: ಫಿಸಿಯೋಥೆರಪಿ ಕೋಣೆಯಲ್ಲಿ ಮಾಡಿ ತೋರಿಸಿದ್ದನ್ನು ಪುಟಕ್ಕೆ ಏರಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಒಪ್ಪಿದ, ಆರೋಗ್ಯ ಮತ್ತು ವಿಕಲತೆಯನ್ನು ವಿವರಿಸುವ ವರ್ಗೀಕರಣ (ಐಸಿಎಫ್), ಪರೀಕ್ಷೆಯ ಪರಿಸರದಲ್ಲಿ ಕಾಣುವ ಸಾಮರ್ಥ್ಯವನ್ನೂ ತನ್ನ ನಿಜವಾದ ಪರಿಸರದಲ್ಲಿ ಮನುಷ್ಯ ಮಾಡುವುದನ್ನೂ ಬೇರೆ ಬೇರೆಯಾಗಿಯೇ ಅಳೆಯುತ್ತದೆ. ಫಿಸಿಯೋಥೆರಪಿ ಕೋಣೆಯಲ್ಲಿ ನೆಲ ಸಮತಟ್ಟು, ಪಕ್ಕದಲ್ಲಿ ಹಿಡಿಯಲು ಸರಳು, ಅರ್ಧ ಗಂಟೆಯಾದ ಮೇಲೆ ಮನೆಗೆ ಹೋಗಿ ಮಲಗುವ ಅನುಕೂಲ. ಉದ್ಯಮಕ್ಕೆ ಬೇಕಾದದ್ದು ನಿಜವಾದ ಪರಿಸರದ ಅಂಕಿ.

ನಾಲ್ಕು ವಾರ ಮುಗಿದ ಮೇಲೆ ಎರಡು ಸಂಖ್ಯೆ ತೆಗೆಯಿರಿ: ವಾರದ ಸರಾಸರಿ ಗಂಟೆ, ಮತ್ತು ಅತಿ ಕೆಟ್ಟ ವಾರದ ಗಂಟೆ. ನನ್ನವು 22, 9, 19, 14. ಸರಾಸರಿ 16, ಕೆಟ್ಟದ್ದು 9. ಇಪ್ಪತ್ತೆರಡನ್ನು ಮರೆತುಬಿಡಿ. ಮಳಿಗೆಗೆ ಮುಂಗಡ ಕೊಡಿಸುವ ಸಂಖ್ಯೆ ಅದೇ.

ಹಂತ 3: ಬರುತ್ತಿರುವ ಹಣ ನಿಲ್ಲದಂತೆ ನೋಡಿಕೊಳ್ಳಿ

ಮಾಸಾಶನ, ವಿಮೆಯ ಪಾವತಿ, ಹಳೆಯ ಉದ್ಯೋಗದ ರಜೆ ಸಂಬಳ, ಹೀಗೆ ಏನಾದರೂ ಬರುತ್ತಿದ್ದರೆ ಮೊದಲ ಬಿಲ್ಲು ಬರೆಯುವ ಮುನ್ನವೇ ಅದರ ನಿಯಮ ಓದಿ. ಕೆಲವು ಒಂದು ಮಿತಿಯವರೆಗಿನ ಗಳಿಕೆಯನ್ನು ಬಿಡುತ್ತವೆ, ಕೆಲವು ದುಡಿದ ಗಂಟೆಯನ್ನು ಎಣಿಸುತ್ತವೆ, ಕೆಲವಕ್ಕೆ ಉದ್ಯಮ ನಿಮ್ಮ ಹೆಸರಿನಲ್ಲಿದೆ ಎಂಬುದೇ ಸಾಕು. ಬಾಯಿಮಾತಿನ ಉತ್ತರ ಒಪ್ಪಬೇಡಿ, ಬರಹದಲ್ಲಿ ಕೇಳಿ. ಅಪಘಾತದ ಪರಿಹಾರ ಮೊಕದ್ದಮೆ ನಡೆಯುತ್ತಿದ್ದರೆ ವಕೀಲರಿಗೆ ಹೇಳದೆ ಉದ್ಯಮದ ಫೋಟೊ ಎಲ್ಲಿಯೂ ಹಾಕಬೇಡಿ.

ಆರೋಗ್ಯ ವಿಮೆ ಹಳೆಯ ಉದ್ಯೋಗದ ಮೂಲಕ ಬಂದಿದ್ದರೆ ರಾಜೀನಾಮೆಯ ದಿನವೇ ಅದು ಕೊನೆಗೊಳ್ಳುತ್ತದೆಯೇ ಎಂದು ತಿಳಿದುಕೊಳ್ಳಿ. ಹೊಸ ಪಾಲಿಸಿಗಳಲ್ಲಿ ಹಳೆಯ ಕಾಯಿಲೆಗೆ ಕಾಯುವ ಅವಧಿ ಇರುವುದು ಸಾಮಾನ್ಯ.

2006ರ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 27ನೆಯ ವಿಧಿ, ಸ್ವಂತ ಉದ್ಯೋಗ ಮತ್ತು ಸ್ವಂತ ಉದ್ಯಮದ ಅವಕಾಶಗಳನ್ನು ಬೆಳೆಸಬೇಕೆಂದು ಸಹಿ ಹಾಕಿ ಅನುಮೋದಿಸಿದ ದೇಶಗಳಿಗೆ ಹೇಳುತ್ತದೆ. ನಿಮ್ಮ ಸರ್ಕಾರ ಅದಕ್ಕಾಗಿ ಏನಿಟ್ಟಿದೆ ಎಂದು ಉದ್ಯೋಗ ಮತ್ತು ವಿಕಲಚೇತನರ ಇಲಾಖೆಗಳಲ್ಲಿ ವಿಚಾರಿಸಿ. ಖರ್ಚು ಮಾಡುವ ಮೊದಲೇ ವಿಚಾರಿಸಿ. ಯಂತ್ರ ಕೊಂಡ ಮೇಲೆ ಬಂದ ಅರ್ಜಿಯನ್ನು ಒಪ್ಪದ ಯೋಜನೆಗಳಿವೆ.

ಚಿಕಿತ್ಸೆಯ ಹಣ ಬೇರೆ ಖಾತೆಯಲ್ಲಿರಲಿ. ಉದ್ಯಮ ಹಸಿದಾಗ ಮೊದಲು ಅದಕ್ಕೇ ಬಾಯಿ ಹಾಕುತ್ತದೆ.

ಹಂತ 4: ಕೆಟ್ಟ ದಿನಕ್ಕೆ ಹೊಂದುವ ಕೆಲಸ ಆರಿಸಿ

ಯಾವ ಉದ್ಯಮದಲ್ಲಿ ಲಾಭ ಎಂದು ಕೇಳುವುದನ್ನು ಸ್ವಲ್ಪ ಮುಂದೂಡಿ. ಮೊದಲು ಈ ಮೂರು ಪ್ರಶ್ನೆ.

ನಡುವೆ ನಿಲ್ಲಿಸಿದರೆ ಕೆಲಸ ಕೆಡುತ್ತದೆಯೇ? ಹೊಲಿಗೆ ಅರ್ಧಕ್ಕೆ ಬಿಟ್ಟರೆ ಎರಡು ದಿನ ಕಾಯುತ್ತದೆ. ಅಂಟು ಹಚ್ಚಿದ ಹೊದಿಕೆ ಹತ್ತು ನಿಮಿಷವೂ ಕಾಯುವುದಿಲ್ಲ. ಪ್ರತಿ ಉದ್ಯಮದಲ್ಲೂ ಈ ಎರಡು ಜಾತಿಯ ಕೆಲಸವಿರುತ್ತದೆ. ಕಾಯುವ ಜಾತಿ ಹೆಚ್ಚಿರುವುದನ್ನು ಆರಿಸಿ, ಕಾಯದ್ದನ್ನು ದಿನದ ಒಳ್ಳೆಯ ಹೊತ್ತಿಗೆ ಇಟ್ಟುಕೊಳ್ಳಿ.

ಗಡಿಯಾರ ಯಾರ ಕೈಯಲ್ಲಿದೆ? ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯಲೇಬೇಕಾದ ವ್ಯವಹಾರದಲ್ಲಿ ಅದು ಗಿರಾಕಿಯ ಕೈಯಲ್ಲಿ. ಮದುವೆ, ಸಮಾರಂಭ, ಪರೀಕ್ಷೆಯಂತಹ ಅಲುಗದ ದಿನಾಂಕಕ್ಕೆ ಕಟ್ಟಿದ ಕೆಲಸವೂ ಹಾಗೆಯೇ. ಒಪ್ಪಿಕೊಂಡು ವಾರಗಳ ನಂತರ ಕೊಡುವ ಕೆಲಸದಲ್ಲಿ ಅದು ನಿಮ್ಮ ಕೈಗೆ ಬರುತ್ತದೆ. ನನ್ನನ್ನು ಕೇಳಿದರೆ ಮೂರರಲ್ಲಿ ತೂಕದ ಪ್ರಶ್ನೆ ಇದೇ. ನೋವು ತಡೆದುಕೊಂಡು ಬದುಕಬಹುದು, ಹೊತ್ತಿಗೆ ಸರಿಯಾಗಿ ನೋವು ತಡೆದುಕೊಳ್ಳುವುದು ಬೇರೆಯೇ ಕಷ್ಟ.

ಅತಿ ಭಾರದ ತುಣುಕನ್ನು ಕೂಲಿ ಕೊಟ್ಟು ಮಾಡಿಸಬಹುದೇ? ದಿನಚರಿಯಲ್ಲಿ 6 ಅಥವಾ ಅದಕ್ಕಿಂತ ಮೇಲಿನ ಅಂಕಿ ಪಡೆದ ಕೆಲಸಗಳನ್ನು ಗುರುತು ಹಾಕಿ. ನನ್ನದರಲ್ಲಿ ಇದ್ದದ್ದು ರಟ್ಟು ಕತ್ತರಿಸುವುದು ಮತ್ತು ಸಾಮಾನು ಎತ್ತುವುದು. ಈಗ ರಟ್ಟು ಅಳತೆಗೆ ಕತ್ತರಿಸಿಯೇ ಬರುತ್ತದೆ. ಲಾಭದಲ್ಲಿ ಚೂರು ಹೋಗುತ್ತದೆ, ಬುಧವಾರ ಉಳಿಯುತ್ತದೆ.

ಹಳೆಯ ವೃತ್ತಿಯನ್ನೇ ಸ್ವಂತವಾಗಿ ಮಾಡುತ್ತೇನೆ ಎನ್ನುವವರಿಗೆ ಒಂದು ಮಾತು. ಕೈ ಪಳಗಿದೆ ನಿಜ, ಆದರೆ ಆ ಪಳಗಿದ ಕೈಗೆ ಹಳೆಯ ವೇಗದ ನೆನಪಿದೆ. ಹಳೆಯ ವೃತ್ತಿಯಲ್ಲಿ ಮಿತಿ ಮೀರುವುದು ಹೊಸದಕ್ಕಿಂತ ಸುಲಭ. ಮರಗೆಲಸದವರು ನಕ್ಷೆ ಮತ್ತು ಅಂದಾಜು ಪಟ್ಟಿ ಮಾಡಿಕೊಡಲು, ನರ್ಸ್ ಆಗಿದ್ದವರು ಆರೈಕೆ ಮಾಡುವವರಿಗೆ ತರಬೇತಿ ಕೊಡಲು ಹೊರಳಬಹುದು: ತಿಳಿವಳಿಕೆ ಹಳೆಯದು, ಶ್ರಮ ಹೊಸದು.

ಹಂತ 5: ಜಾಗವನ್ನು ಮೈಗೆ ಹೊಂದಿಸಿ

ಇದಕ್ಕೆ ದೊಡ್ಡ ಖರ್ಚು ಬೇಡ. ದಿನವೂ ಬೇಕಾಗುವ ಸಾಮಾನು ಸೊಂಟ ಮತ್ತು ಭುಜದ ನಡುವಿನ ಎತ್ತರದಲ್ಲಿರಲಿ. ಭಾರವಾದದ್ದಕ್ಕೆ ಚಕ್ರವಿರಲಿ. ಮಲಗುವ ಜಾಗ ಕೆಲಸದ ಜಾಗದಿಂದ ಹತ್ತು ಹೆಜ್ಜೆಯೊಳಗಿರಲಿ. ನಾಚಿಕೆಪಟ್ಟು ಚಾಪೆಯನ್ನು ಬೀರುವಿನ ಹಿಂದೆ ಅಡಗಿಸಬೇಡಿ. ಟೈಮರ್ ಹೊಡೆದಾಗ ಏಳಬೇಕು, ಕೆಲಸ ಮುಗಿದಾಗ ಅಲ್ಲ.

ಗಾಲಿಕುರ್ಚಿಯಲ್ಲಿ ಕೂತು ದುಡಿಯುವವರು 15ರಿಂದ 30 ನಿಮಿಷಕ್ಕೊಮ್ಮೆ ಮೈಯ ಭಾರ ಬದಲಿಸಲು ಟೈಮರ್ ಇಟ್ಟುಕೊಳ್ಳಿ. ಕೆಲಸದ ಗುಂಗಿನಲ್ಲಿ ಮೊದಲು ಮರೆಯುವುದು ಅದನ್ನೇ, ಒತ್ತಡದ ಹುಣ್ಣು ಒಂದು ಸಲ ಆದರೆ ತಿಂಗಳುಗಟ್ಟಲೆ ಕೂರುವುದೇ ನಿಲ್ಲಬಹುದು.

ಹಂತ 6: ಬೆಲೆ ಕಟ್ಟುವ ಲೆಕ್ಕ

ಪಕ್ಕದವರ ದರ ನೋಡಿ ಬೆಲೆ ಕಟ್ಟಿದವರು ದುಡಿದೂ ಸೋಲುತ್ತಾರೆ. ಲೆಕ್ಕ ಹೀಗೆ.

ತಿಂಗಳಿಗೆ ಮನೆಗೆ ಬೇಕಾದುದು 100 ಎಂದುಕೊಳ್ಳಿ. ವಿದ್ಯುತ್ತು, ಫೋನು, ಬಾಡಿಗೆಯಂತಹ ತಪ್ಪದ ಖರ್ಚು 30. ಚಿಕಿತ್ಸೆಗೆ ಎತ್ತಿಡುವುದು 20. ಒಟ್ಟು 150. ಸಾಮಗ್ರಿಯ ಖರ್ಚು ಇದರಲ್ಲಿ ಇಲ್ಲ, ಅದನ್ನು ಪ್ರತಿ ಕೆಲಸಕ್ಕೂ ಬೇರೆ ಸೇರಿಸಬೇಕು.

ವಾರಕ್ಕೆ ಸರಾಸರಿ 16 ಗಂಟೆಯಾದರೆ ನಾಲ್ಕು ವಾರಕ್ಕೆ 64. ಇಷ್ಟಕ್ಕೂ ದುಡ್ಡು ಬರುವುದಿಲ್ಲ. ಸಾಮಾನು ತರುವುದು, ಗಿರಾಕಿಯೊಡನೆ ಮಾತು, ಲೆಕ್ಕ ಬರೆಯುವುದು, ಬಾಕಿ ಕೇಳುವುದು ಇವೆಲ್ಲ ಕಳೆದು ನೂರಕ್ಕೆ ಅರವತ್ತು ಭಾಗ ಉಳಿಯಿತು ಎನ್ನೋಣ: 38 ಗಂಟೆ. ಅಂದರೆ ಒಂದು ಗಂಟೆಗೆ ಸುಮಾರು 4 ಬರಬೇಕು. ತಿಂಗಳಿಗೆ 160 ಗಂಟೆ ದುಡಿಯುವ ಗಟ್ಟಿ ಆಳಿಗೆ ಇದೇ ಲೆಕ್ಕದಲ್ಲಿ 96 ಗಂಟೆ ಸಿಗುತ್ತದೆ, ಒಂದೂವರೆಗಿಂತ ಸ್ವಲ್ಪ ಹೆಚ್ಚು ಬಂದರೆ ಸಾಕು. ಎರಡೂವರೆ ಪಟ್ಟಿನ ಅಂತರ.

ಈ ಅಂತರವನ್ನು ಕಷ್ಟಪಟ್ಟು ತುಂಬಲಾಗುವುದಿಲ್ಲ. ದಾರಿಗಳು ಮೂರೇ. ಎಲ್ಲರೂ ಮಾಡದ, ಬೆಲೆ ಬರುವ ಕೆಲಸಕ್ಕೆ ಸರಿಯುವುದು: ನಾನು ಹೊಸ ನೋಟ್‌ಬುಕ್ಕು ಬಿಟ್ಟು ಹಳೆಯ ಗ್ರಂಥಗಳ ದುರಸ್ತಿಗೆ ಬಂದೆ. ಗಂಟೆಯನ್ನು ಮಾರುವ ಬದಲು ಮಾಡಿಟ್ಟ ವಸ್ತುವನ್ನೋ ಪಾಠವನ್ನೋ ಮಾರುವುದು. ಇಲ್ಲವೇ, ಈ ಉದ್ಯಮ ಮನೆಯ ಖರ್ಚಿನ ಒಂದು ಪಾಲನ್ನಷ್ಟೇ ತರುತ್ತದೆ ಎಂದು ಮನೆಯವರೆಲ್ಲ ಕೂತು ಒಪ್ಪಿಕೊಳ್ಳುವುದು. ಮೂರನೆಯದು ಸೋಲಲ್ಲ. ಹಾಗೆ ಒಪ್ಪಿಕೊಂಡವರ ಉದ್ಯಮವೇ ಹೆಚ್ಚು ದಿನ ನಿಂತಿರುವುದನ್ನು ಕಂಡಿದ್ದೇನೆ. "ಅನುಕಂಪದ ದರ" ಮಾತ್ರ ಬೇಡ, ಕಡಿಮೆ ತೆಗೆದುಕೊಳ್ಳುವುದೂ ಬೇಡ, ಕತೆ ಹೇಳಿ ಹೆಚ್ಚು ಕೇಳುವುದೂ ಬೇಡ.

ಹಂತ 7: ಮೂರೇ ಗಿರಾಕಿಗಳ ಪ್ರಯೋಗ

ಈಗ ಮೊದಲ ಬಾರಿ ಹಣ ಪಡೆದು ಕೆಲಸ ಮಾಡಿ, ಮೂರೇ ಗಿರಾಕಿಗಳಿಗೆ. ಒಬ್ಬರು ಪರಿಚಯದವರಾಗಿರಬಹುದು, ಇಬ್ಬರು ಅಪರಿಚಿತರೇ ಆಗಿರಬೇಕು. ಪರಿಚಯದವರು ತಡವಾದರೆ ಸುಮ್ಮನಿರುತ್ತಾರೆ, ಅದರಿಂದ ನಿಮಗೇನೂ ತಿಳಿಯುವುದಿಲ್ಲ.

ಗಡುವನ್ನು ಕೆಟ್ಟ ವಾರದ ಲೆಕ್ಕದಲ್ಲಿ ಕೊಡಿ. ನನ್ನ ಕೆಟ್ಟ ವಾರ 9 ಗಂಟೆ, ಅದರಲ್ಲಿ ಕೈಕೆಲಸಕ್ಕೆ ಉಳಿಯುವುದು ಐದು ಚಿಲ್ಲರೆ. ಆರು ಗಂಟೆಯ ಕೆಲಸಕ್ಕೆ ನಾನು ಹೇಳುವುದು ಎರಡು ವಾರ. ನಾಲ್ಕನೆಯ ದಿನವೇ ಮುಗಿದರೂ ಮುಂದಿನ ಸಲದ ಗಡುವು ಎರಡು ವಾರವೇ. ಬೇಗ ಕೊಟ್ಟ ಖುಷಿಗೆ "ಇನ್ನು ಮೇಲೆ ನಾಲ್ಕು ದಿನ ಸಾಕು" ಎಂದು ಹೇಳಿ ಕೆಟ್ಟವರು ಬಹಳ.

ಪ್ರಯೋಗದ ಅವಧಿಯಲ್ಲೂ ದಿನಚರಿ ಬರೆಯಿರಿ. ಹಣ ಪಡೆದ ಕೆಲಸದ ಶ್ರಮದ ಅಂಕಿ ಸುಮ್ಮನೆ ಮಾಡಿದ್ದಕ್ಕಿಂತ ಒಂದೆರಡು ಹೆಚ್ಚೇ ಬಂದರೆ ಗಾಬರಿ ಬೇಡ, ಆತಂಕಕ್ಕೂ ತೂಕವಿದೆ. ಮೂರರ ಮೇಲೆ ಹೆಚ್ಚಾದರೆ ಹಂತ 4ಕ್ಕೆ ಹಿಂದಿರುಗಿ.

ಹಂತ 8: ನೀವು ಮಲಗಿದ ದಿನಕ್ಕೊಂದು ಹಾಳೆ

ಒಂದೇ ಹಾಳೆಯಲ್ಲಿ ಬರೆದಿಡಿ: ಕೈಯಲ್ಲಿರುವ ಕೆಲಸಗಳು, ಯಾರದು, ಯಾವ ದಿನಕ್ಕೆ, ಎಷ್ಟು ಹಣ ಬಂದಿದೆ, ಸಾಮಾನು ಎಲ್ಲಿದೆ. ಪ್ರತಿ ಸಂಜೆ ತಿದ್ದಿ. ನೀವು ಆಸ್ಪತ್ರೆಯಲ್ಲಿದ್ದಾಗ ಇನ್ನೊಬ್ಬರು ಆ ಹಾಳೆ ಹಿಡಿದು ಎಲ್ಲರಿಗೂ ಫೋನು ಮಾಡಬಲ್ಲವರಾಗಿರಬೇಕು. ಒಂದು ಸಲ ಮಾಡಿಸಿ ನೋಡಿ. ನನ್ನ ತಂಗಿಗೆ ಮೊದಲ ಸಲ ನನ್ನ ಅಕ್ಷರವೇ ಓದಲಾಗಲಿಲ್ಲ.

ಕಾಯಿಲೆಯ ಬಗ್ಗೆ ಗಿರಾಕಿಗೆ ಎಷ್ಟು ಹೇಳಬೇಕು? ಕೆಲಸಕ್ಕೆ ಸಂಬಂಧಪಟ್ಟಷ್ಟು. "ತಡವಾಗುವ ಸಂದರ್ಭ ಬಂದರೆ ಮೂರು ದಿನ ಮುಂಚೆ ತಿಳಿಸುತ್ತೇನೆ, ಬೇಡವೆನಿಸಿದರೆ ಮುಂಗಡ ಹಿಂದಿರುಗಿಸುತ್ತೇನೆ" ಎಂಬ ಎರಡು ವಾಕ್ಯ ರಸೀದಿಯ ಮೇಲಿದ್ದರೆ ಸಾಕು. ಆ ಕಾರಣಕ್ಕೇ ಮುಂಗಡವನ್ನು ಕೆಲಸ ಮುಗಿಯುವ ತನಕ ಖರ್ಚು ಮಾಡಬಾರದು, ಸಾಮಗ್ರಿಗೆ ಬೇಕಾದಷ್ಟನ್ನು ಬಿಟ್ಟು.

ಹಂತ 9: ನೋಂದಣಿ, ಸಾಲ, ಮಳಿಗೆ

ಎಲ್ಲರೂ ಮೊದಲು ಮಾಡುವುದು ಇದನ್ನೇ. ಪ್ರಯೋಗ ಮುಗಿದ ಮೇಲೆ ಮಾಡಿ. ನಿಮ್ಮಲ್ಲಿನ ಕಾನೂನು ಮೊದಲ ಗಿರಾಕಿಗಿಂತ ಮುಂಚೆಯೇ ನೋಂದಣಿ ಬೇಕು ಎಂದರೆ ಅಷ್ಟನ್ನು ಮಾತ್ರ ಹಂತ 7ಕ್ಕೆ ಮೊದಲು ಮುಗಿಸಿ. ಒಬ್ಬರೇ ಮಾಲೀಕರಾಗಿ ನಡೆಸುವ ವ್ಯವಹಾರದಲ್ಲಿ ಉದ್ಯಮದ ಸಾಲ ನಿಮ್ಮ ಸ್ವಂತ ಸಾಲವೇ, ಮನೆಯವರೆಗೂ ಬರುತ್ತದೆ. ಸೀಮಿತ ಹೊಣೆಯ ಕಂಪನಿಗೆ ಕಾಗದಪತ್ರ ಹೆಚ್ಚು, ಆದರೆ ನೀವು ವೈಯಕ್ತಿಕ ಜಾಮೀನು ಹಾಕದಿದ್ದರೆ ನಷ್ಟ ಅಲ್ಲಿಗೇ ನಿಲ್ಲುತ್ತದೆ. ಸಾಲದ ಕಂತನ್ನು ಕೆಟ್ಟ ತಿಂಗಳ ಗಳಿಕೆಗೆ ಹೋಲಿಸಿ ನೋಡಿ. ಬಾಡಿಗೆ ಕರಾರಿನಲ್ಲಿ ಅವಧಿಗೆ ಮುಂಚೆ ಬಿಟ್ಟರೆ ಏನು ಕಟ್ಟಬೇಕು ಎಂಬ ಸಾಲನ್ನು ಎರಡು ಸಲ ಓದಿ.

ಯಾವಾಗ ಕೈ ಕೆಳಗಿಡಬೇಕು

ಕೆಲವನ್ನು ಕಂಡರೆ ಯೋಚಿಸುತ್ತಾ ಕೂರಬಾರದು. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ಅಥವಾ ಎದೆನೋವು, ಮುಖ ಒಂದು ಕಡೆ ಜೋಲುವುದು, ಮಾತು ತೊದಲುವುದು, ಬೆನ್ನಿನ ಗಾಯದವರಿಗೆ ಮೂತ್ರದ ಹಿಡಿತ ತಪ್ಪುವುದು ಅಥವಾ ತೊಡೆಸಂದು ಜೋಮು ಹಿಡಿಯುವುದು: ಕೂಡಲೇ ತುರ್ತು ಚಿಕಿತ್ಸೆಗೆ ಹೋಗಿ. ಕೀಮೋಥೆರಪಿ ನಡೆಯುತ್ತಿರುವಾಗ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಆಸ್ಪತ್ರೆಗೆ ಫೋನು ಮಾಡುವುದು ಆ ಗಳಿಗೆಯ ಕೆಲಸ, ಗಿರಾಕಿಗೆ ಆಮೇಲೆ. ಕೂತ ಜಾಗದಲ್ಲಿ ಎದ್ದ ಕಲೆ ಭಾರ ತೆಗೆದ ಮೇಲೂ ಮಾಸದಿದ್ದರೆ ಅಲ್ಲಿ ಮತ್ತೆ ಕೂರಬೇಡಿ, ತೋರಿಸಿ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದಿರಬಹುದು. ಮುಟ್ಟಿದಾಗ ಬಿಸಿಯೋ ಗಟ್ಟಿಯೋ ಇದೆಯೇ ನೋಡಬೇಕು.

ನಿಧಾನವಾಗಿ ಬರುವ ಚಿಹ್ನೆಗಳು ಇನ್ನೂ ಮೋಸದವು. ನೋವಿನ ಮಾತ್ರೆಯನ್ನು ಕೆಲಸದ ಗಡುವಿಗೆ ಸರಿಯಾಗಿ ನುಂಗಲು ಶುರುಮಾಡುತ್ತೀರಿ. ಫಿಸಿಯೋಥೆರಪಿಯ ಸರದಿಯನ್ನು ಎರಡನೆಯ ಸಲ ಮುಂದೂಡುತ್ತೀರಿ. ದಿನಚರಿ ಬರೆಯುವುದು ನಿಲ್ಲುತ್ತದೆ. ಫೋನು ರಿಂಗಾದರೆ ತೆಗೆಯಲು ಭಯವಾಗುತ್ತದೆ. ಚಿಕಿತ್ಸೆಯ ಖಾತೆಯಿಂದ "ಒಂದು ವಾರಕ್ಕೆ" ಹಣ ತೆಗೆಯುತ್ತೀರಿ. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಅಂದೇ ಹೊಸ ಕೆಲಸ ಒಪ್ಪುವುದನ್ನು ನಿಲ್ಲಿಸಿ. ಹಂತ 8ರ ಹಾಳೆಯಲ್ಲಿರುವುದನ್ನು ಮಾತ್ರ ಮುಗಿಸಿ, ಮುಗಿಸಲಾಗದ್ದರ ಮುಂಗಡ ಹಿಂದಿರುಗಿಸಿ, ಬಾಗಿಲಿಗೆ ದಿನಾಂಕವಿಲ್ಲದ ಸೂಚನೆ ಹಾಕಿ.

ಮತ್ತೆ ಶುರು ಮಾಡುವಾಗ ಬಿಟ್ಟ ಜಾಗದಿಂದ ಶುರು ಮಾಡಬೇಡಿ. ಹೊಸ ಪುಟ, ಎರಡು ವಾರದ ದಿನಚರಿ, ಹೊಸ ಕೆಟ್ಟ ವಾರದ ಅಂಕಿ. ನನ್ನದು ಎರಡನೆಯ ಸಲ 9ರಿಂದ 7ಕ್ಕೆ ಇಳಿದಿತ್ತು. ರಸೀದಿಯ ಮೇಲಿನ ಎರಡು ವಾರವನ್ನು ಹೊಡೆದುಹಾಕಿ ಮೂರು ಎಂದು ಬರೆದೆ.